ಆರಕ್ಕೆ ಆರು

ಇದು ನಡೆದದ್ದನ್ನು ನಡೆದ ಹಾಗೆ ಹೇಳುವ ಕತೆ. ಇದರಲ್ಲಿರುವ ಸುಳ್ಳುಗಳು, ಒಂದನ್ನು ಬಿಟ್ಟರೆ, ಎಲ್ಲ ನಾಲ್ಕೂವರೆ ವರ್ಷದ ಒಬ್ಬ ಹುಡುಗಿಯವು. ಅವಳೂ ಒಂದನ್ನಾದರೂ ಬಾಯಿಬಿಟ್ಟು ಹೇಳಿದವಳಲ್ಲ, ಬರೀ ತಲೆಯಾಡಿಸಿದವಳು.

ಹುಡುಗಿಯನ್ನು ಮನೆಯಲ್ಲಿ ಕರೆಯುವುದು ಗುಂಡಿ ಎಂದು. ಅಪ್ಪ ದರ್ಜಿ, ದಿನವಿಡೀ ಅಂಗಿಗಳಿಗೆ ಗುಂಡಿ ಹಚ್ಚುವವನು. ಅಮ್ಮ ಕಾರು ಕಲಿಸುವವಳು, ದಿನವಿಡೀ ರಸ್ತೆಯ ಗುಂಡಿ ತಪ್ಪಿಸುವವಳು. ಹೆಸರು ಯಾಕೆ ಹಾಗಿಟ್ಟಿರಿ ಎಂದು ಯಾರಾದರೂ ಕೇಳಿದರೆ ದರ್ಜಿಯ ಉತ್ತರ ಸಿದ್ಧವಿರುತ್ತಿತ್ತು: "ನಾನು ಹಚ್ಕೊಂಡಿದ್ದು, ಅವಳಿಗೆ ತಪ್ಪಿಸ್ಕೊಳ್ಳೋಕೆ ಆಗದೇ ಇದ್ದಿದ್ದು."

ದರ್ಜಿ ಬಾಯಿ ಮುಚ್ಚಿಕೊಂಡಿರುವುದು ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಾಗ ಮಾತ್ರ. ಪಿನ್ನು ತೆಗೆದನೆಂದರೆ ಮಾತು, ಮಾತಿಲ್ಲದಿದ್ದರೆ ಅಣಕ. ಚಳಿಗೆ ಹಟ ಹಿಡಿದ ಸ್ಕೂಟರು ಏಳನೇ ಒದೆಗೆ ಕೆಮ್ಮಿ ಎದ್ದೇಳುವುದನ್ನು ಅವನು ಮಾಡಿ ತೋರಿಸಿದರೆ ಅಂಗಡಿಯ ಮುಂದೆ ಹೋಗುವವರು ದಾರಿ ಬಿಡುತ್ತಿದ್ದರು. ಹೆಂಡತಿಯ ಕಡೆ ಕಾರು ಕಲಿಯಲು ಬರುವ ಬ್ಯಾಂಕಿನ ಗುಮಾಸ್ತ ಕ್ಲಚ್ ಬಿಡುವ ಮುಂಚೆ ಮೂರು ಸಲ ಉಗುಳು ನುಂಗುವುದನ್ನಂತೂ ಆ ಗುಮಾಸ್ತನ ಎದುರಿಗೇ ಮಾಡಿ ಅಂಗಿಯ ಅಳತೆ ತೆಗೆದುಕೊಂಡಿದ್ದ.

ಅಮ್ಮನಿಗೆ ಹಾಗೆಲ್ಲ ಹಗುರಾಗಲು ಬರುತ್ತಿರಲಿಲ್ಲ. ಕಲಿಸುವ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಹನ್ನೊಂದು ವರ್ಷ ಆ ಬ್ರೇಕಿನ ಮೇಲೆ ಕಾಲಿಟ್ಟು ಕೂತವಳು ಅವಳು. ಊರಿನ ಅರ್ಧದಷ್ಟು ಜನ ಗೋಡೆಗೆ ಗುದ್ದದೆ ಮನೆ ಸೇರಿದ್ದರೆ ಅದು ಆ ಬಲಗಾಲಿನ ಪುಣ್ಯ. ಕಾರಿನಿಂದ ಇಳಿದರೂ ಆ ಕಾಲು ಕೆಲಸ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಡಾಕ್ಟರ ಮುಂದಿನ ಕುರ್ಚಿಯಲ್ಲಿ, ಎಲ್ಲಿ ಭಯವಾದರೂ ಅದು ನೆಲವನ್ನು ಒತ್ತುತ್ತಿತ್ತು. "ಹೊಲಿಗೆ ಮಿಷನ್ ತುಳಿಯೋನು ನಾನು, ಚಟ ಹತ್ತಿದ್ದು ನಿನಗೆ" ಎಂದು ಗಂಡ ನಗುತ್ತಿದ್ದ.

ಗುಂಡಿಗೆ ಎರಡು ವರ್ಷವಾಗಿದ್ದಾಗ ಒಂದು ದಿನ ಅಂಗಡಿಯಲ್ಲಿ ದೊಡ್ಡ ಕತ್ತರಿ ಕೈಜಾರಿ ಅವಳ ಬೆನ್ನ ಹಿಂದೆಯೇ ನೆಲಕ್ಕೆ ಬಿತ್ತು. ಬಂದಿದ್ದ ಗಿರಾಕಿಗಳೆಲ್ಲ ಬೆಚ್ಚಿಬಿದ್ದರು. ಮಗು ಮಾತ್ರ ತಿರುಗಿಯೂ ನೋಡದೆ ದಾರದ ಉಂಡೆ ಬಿಚ್ಚುತ್ತ ಕೂತಿತ್ತು. ಆ ಹೊತ್ತಿನಲ್ಲಿ ನೆಲ ಒತ್ತಿದ ಅಮ್ಮನ ಕಾಲು ಆಮೇಲೆ ಪೂರ್ತಿ ಸಡಿಲವಾದದ್ದೇ ಇಲ್ಲ.

ಈಗ ಗುಂಡಿಯ ಎರಡೂ ಕಿವಿಗಳ ಹಿಂದೆ ಹೆಬ್ಬೆರಳ ತುದಿಯಷ್ಟಿನ ಮಿಷನ್ ಇದೆ. ಅದನ್ನು ಕೂರಿಸಿದ ಕಿವಿ ಡಾಕ್ಟರಮ್ಮ ಒಂದು ಬೆಳಗಿನ ಪರೀಕ್ಷೆಯನ್ನೂ ಕಲಿಸಿಕೊಟ್ಟಿದ್ದರು. "ಬ್ಯಾಟರಿ ಹೋದ್ರೆ ಇಷ್ಟು ಚಿಕ್ಕ ಮಕ್ಕಳು ಹೇಳಲ್ಲ. ದಿನಾ ನೀವೇ ನೋಡ್ಬೇಕು." ಆ, ಊ, ಈ, ಶ್, ಸ್, ಮ್. ಈ ಆರು ಸದ್ದು ಕೇಳಿಸಿದರೆ ಮಾತು ಕೇಳಿಸುತ್ತದೆ ಎಂದು ಲೆಕ್ಕ. ತುಟಿ ಕಾಣದಂತೆ ಮರೆಮಾಡಿಕೊಂಡು ಒಂದೊಂದೇ ಹೇಳಬೇಕು, ಕೇಳಿಸಿದಾಗ ಮಗು ಒಂದು ಗುಂಡಿಯನ್ನು ಡಬ್ಬಿಗೆ ಹಾಕಬೇಕು.

ಹೀಗಾಗಿ ದಿನಾ ಬೆಳಿಗ್ಗೆ ಏಳೂವರೆಗೆ ಅಮ್ಮ ಕುರ್ಚಿಯಲ್ಲಿ, ಗುಂಡಿ ಅಮ್ಮನ ಮಡಿಲಲ್ಲಿ, ಎದುರಿಗೆ ಅಪ್ಪ ಅಂಗಿಯ ಕಾಲರಿಗೆ ಹಾಕುವ ದಪ್ಪ ರಟ್ಟನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ಅವನು ಒಂದು ಸದ್ದು ಮಾಡುತ್ತಿದ್ದ, ಟಣ್ ಎಂದು ಡಬ್ಬಿಗೆ ಗುಂಡಿ ಬೀಳುತ್ತಿತ್ತು. ಬೇಕೆಂದೇ ತಡಮಾಡಿ ಕಾಯಿಸುತ್ತಿದ್ದ, ಡಬ್ಬಿ ಸುಮ್ಮನಿರುತ್ತಿತ್ತು. ಅತಿ ಸಣ್ಣಗೆ 'ಸ್' ಎನ್ನುತ್ತಿದ್ದ, ಟಣ್. ದಿನಾ ಆರಕ್ಕೆ ಆರು. ಅಮ್ಮ ಪ್ರತಿ ಸದ್ದಿಗೂ ಉಸಿರು ಬಿಗಿಹಿಡಿದು, ಆರನೆಯ ಗುಂಡಿ ಬಿದ್ದ ಮೇಲೆ ಬಿಡುತ್ತಿದ್ದಳು.

ಆ ಆರರ ಧೈರ್ಯದ ಮೇಲೆಯೇ ಶಾಲೆಯ ಮಾತು ನಿಂತಿತ್ತು. ಶಾಲೆಗಳು ಎರಡು. ಒಂದು ಮೂರು ಬೀದಿ ಆಚೆಗಿನ ದೊಡ್ಡ ಶಾಲೆ. ತರಗತಿಗೆ ನಲವತ್ತು ಮಕ್ಕಳು, ಗುಂಡಿಯಂಥವರನ್ನು ನೋಡಿಕೊಳ್ಳಲು ಒಬ್ಬ ವಿಶೇಷ ಶಿಕ್ಷಕಿ. ಇನ್ನೊಂದು ಎರಡು ಬಸ್ಸು ಬದಲಿಸಿ ಹೋಗಬೇಕಾದ ಚಿಕ್ಕ ಶಾಲೆ. ಅಲ್ಲಿ ಎಲ್ಲರ ಕಿವಿಗೂ ಮಿಷನ್, ಪಾಠ ಬಾಯಿಮಾತಲ್ಲೂ ಕೈಸನ್ನೆಯಲ್ಲೂ. ಶನಿವಾರ ಮಧ್ಯಾಹ್ನಕ್ಕೆ ಎರಡೂ ಕಡೆ ಪ್ರವೇಶ ಮುಗಿಯುತ್ತಿತ್ತು.

ಚಿಕ್ಕ ಶಾಲೆಯ ಹೆಸರೆತ್ತಿದರೆ ಅಮ್ಮನ ಬಲಗಾಲು ನೆಲ ಒತ್ತುತ್ತಿತ್ತು. ಬ್ಯಾಂಕಿನ ಗುಮಾಸ್ತ ಒಮ್ಮೆ, ಗೇರು ಹುಡುಕುತ್ತಲೇ, "ಕೈಮಾತು ಕಲಿತ್ರೆ ಬಾಯಿಮಾತು ಬಿಟ್ಬಿಡ್ತವಂತೆ ಮೇಡಂ" ಎಂದಿದ್ದ. ಕಿವಿ ಡಾಕ್ಟರಮ್ಮನನ್ನು ಕೇಳಿದಾಗ ಅವರು, "ಹಾಗೇನಿಲ್ಲ, ಮಕ್ಕಳು ಎರಡನ್ನೂ ಕಲೀತಾರೆ" ಎಂದರು. ಆದರೆ ಭಯಕ್ಕೆ ಗುಮಾಸ್ತನ ಮಾತೇ ರುಚಿಸಿತು.

"ಆರಕ್ಕೆ ಆರು ಬರ್ತಿದೆ ಅಲ್ವೇನ್ರೀ. ಮತ್ಯಾಕೆ ಅಲ್ಲಿಗೆ?"

"ನೋಡ್ಕೊಂಡು ಬರೋಣ ಕಣೇ. ನೋಡೋಕೇನು ಟಿಕೆಟ್ಟಾ?"

"ಬೇಡ. ದೊಡ್ಡ ಶಾಲೆಗೇ ಹಾಕೋಣ."

ದರ್ಜಿ ಸರಿ ಎಂದ. ಸಮವಸ್ತ್ರದ ಹಂಗಾಮು, ದೊಡ್ಡ ಶಾಲೆಯದೇ ನೂರಾರು ಜೊತೆ ಅಂಗಡಿಯಲ್ಲಿ ಗುಡ್ಡೆ ಬಿದ್ದಿತ್ತು. ಅದರಲ್ಲೇ ಮಿಕ್ಕಿದ ಬಟ್ಟೆಯಲ್ಲಿ ಒಂದು ಪುಟ್ಟ ನೀಲಿ ಲಂಗ ಹೊಲಿದು ಮೊಳೆಗೆ ನೇತುಹಾಕಿದ.

ಗುರುವಾರ ಅಮ್ಮ ಮಗಳನ್ನು ಕರೆದುಕೊಂಡು ದೊಡ್ಡ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಅವಳೇ ಡಬ್ಬಿ, ಗುಂಡಿ, ರಟ್ಟು ಎಲ್ಲ ಚೀಲದಿಂದ ತೆಗೆದಿಟ್ಟಳು. ವಿಶೇಷ ಶಿಕ್ಷಕಿ ರಟ್ಟಿನ ಮರೆಯಲ್ಲಿ ಆರು ಸದ್ದು ಮಾಡಿದರು. ಮಡಿಲಲ್ಲಿ ಕೂತ ಗುಂಡಿ ಆರು ಗುಂಡಿ ಹಾಕಿದಳು. ಮುಖ್ಯೋಪಾಧ್ಯಾಯಿನಿ ಖುಷಿಯಾಗಿ, "ಒಂದರ್ಧ ಗಂಟೆ ತರಗತೀಲಿ ಕೂರ್ಲಿ, ನೋಡೋಣ" ಎಂದರು.

ಪ್ರವೇಶಕ್ಕೆ ಬಂದ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿದ್ದರು. ಬಾಗಿಲಿಗೆ ತಟ್ಟೆಯಗಲದ ಗಾಜು. ಅಮ್ಮ ಅದಕ್ಕೆ ಮೂಗು ತಾಗಿಸಿ ನಿಂತಳು. ಕೈ ಎತ್ತಿ ಎಂದರೆ ಗುಂಡಿ ಕೈ ಎತ್ತಿದಳು. ಪುಸ್ತಕ ತೆಗೆಯಿರಿ ಎಂದರೆ ತೆಗೆದಳು. ಒಂದು ಕೂದಲೆಳೆಯಷ್ಟು ತಡ, ಅಷ್ಟೇ. ಅಮ್ಮನ ಎದೆ ಉಬ್ಬಿತು. ಸಂಜೆ ಗಂಡನ ಮುಂದೆ ಇದನ್ನೆಲ್ಲ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಹೊಲಿಯತೊಡಗಿದಳು.

ಆಗ ಕೋಣೆಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದ ವಿಶೇಷ ಶಿಕ್ಷಕಿ, "ಕೆಂಪು ಬಟ್ಟೆ ಹಾಕ್ಕೊಂಡಿರೋರು ಮಾತ್ರ ಎದ್ದು ನಿಂತ್ಕೊಳ್ಳಿ" ಎಂದರು. ಗಾಜಿನಾಚೆಗೂ ಸ್ಪಷ್ಟವಾಗಿ ಕೇಳಿಸಿತು.

ಮೂವರು ಎದ್ದರು. ಅವರಲ್ಲೊಬ್ಬಳು ಗುಂಡಿಯ ಪಕ್ಕದಲ್ಲಿದ್ದ ಕೆಂಪು ಫ್ರಾಕಿನ ಹುಡುಗಿ. ಅವಳನ್ನು ನೋಡಿ ಗುಂಡಿಯೂ ಎದ್ದಳು, ಅಪ್ಪ ಹೊಲಿದ ಅಚ್ಚ ಹಸಿರು ಫ್ರಾಕಿನಲ್ಲಿ.

ಮಕ್ಕಳು ಬೆರಳು ತೋರಿಸಿ ನಕ್ಕರು. ಗುಂಡಿ ಅತ್ತ ಇತ್ತ ನೋಡಿ ತಾನೂ ನಕ್ಕಳು. ಪಕ್ಕದವಳು ನಗು ನಿಲ್ಲಿಸಿದ ಕೂಡಲೇ ತಾನೂ ನಿಲ್ಲಿಸಿದಳು.

ಗಾಜಿನ ಮೇಲೆ ಅಮ್ಮನ ಉಸಿರು ಮಂಜಾಗಿ ಕೂತು ಒಳಗಿನದೇನೂ ಕಾಣದಾಯಿತು. ಅವಳು ಒರೆಸಲಿಲ್ಲ.

ವಿಶೇಷ ಶಿಕ್ಷಕಿ ಗುಂಡಿಯ ಕೈಹಿಡಿದು ಹೊರಗೆ ಬಂದರು. "ಬನ್ನಿ, ಇನ್ನೊಂದ್ಸಲ ಮಾಡೋಣ. ಈ ಸಲ ಮಗು ಬೇರೆ ಕುರ್ಚೀಲಿ ಕೂರ್ಲಿ. ನೀವು ಅವಳ ಹಿಂದೆ, ದೂರ ನಿಂತ್ಕೊಳ್ಳಿ."

ಆ. ಟಣ್. ಊ. ಟಣ್. ಈ. ಗುಂಡಿಯ ಕೈ ಡಬ್ಬಿಯ ಮೇಲೆ ಹೋಗಿ ಅಲ್ಲೇ ನಿಂತು, ಆಮೇಲೆ ಹಾಕಿತು. ಶ್. ಏನೂ ಇಲ್ಲ. ಸ್. ಏನೂ ಇಲ್ಲ. ಅಮ್ಮನಿಗೆ ಕೇಳಿಸುತ್ತಿತ್ತು, ಕಿಟಕಿಯಾಚೆ ಗುಡಿಸುತ್ತಿದ್ದ ಆಳಿಗೂ ಕೇಳಿಸಿರಬೇಕು. ಗುಂಡಿ ಕತ್ತು ಹೊರಳಿಸಿ ಅಮ್ಮನನ್ನು ಹುಡುಕಿದಳು. ಸಿಕ್ಕಿದ ಮೇಲೆ ಅಂದಾಜಿನ ಮೇಲೆ ಒಂದು ಗುಂಡಿ ಹಾಕಿ, ಸರಿಯೋ ತಪ್ಪೋ ಎಂದು ಮುಖ ನೋಡಿದಳು. ಆಗ ಯಾರೂ ಯಾವ ಸದ್ದನ್ನೂ ಮಾಡಿರಲಿಲ್ಲ.

"ಈಗ ಮಡಿಲಲ್ಲಿ ಕೂರಿಸ್ಕೊಳ್ಳಿ" ಎಂದ ಶಿಕ್ಷಕಿ ಅಮ್ಮನ ಬಲಮೊಣಕಾಲಿನ ಮೇಲೆ ತಮ್ಮ ಅಂಗೈ ಇಟ್ಟರು. ಇನ್ನೊಂದು ಕೈಯಲ್ಲಿ ರಟ್ಟು ಹಿಡಿದು 'ಸ್' ಎಂದರು. ಡಬ್ಬಿಗೆ ಗುಂಡಿ ಬಿತ್ತು.

"ನಿಮ್ಮ ಕಾಲು ಮೇಡಂ" ಎಂದರು ಮೆಲ್ಲಗೆ. "ಪ್ರತಿ ಸದ್ದಿಗೂ ನೆಲ ಒತ್ತುತ್ತೆ. ತೊಡೆ ಬಿಗಿಯಾಗುತ್ತೆ. ಅವಳಿಗೆ ಅಷ್ಟು ಸಾಕು."

ಅಮ್ಮ ಗುಂಡಿಯನ್ನು ಮಡಿಲಿನಿಂದ ಕೆಳಗಿಳಿಸಿದಳು.

"ನಾವು ಸೀಟ್ ಕೊಡಲ್ಲ ಅನ್ನಲ್ಲ. ಕೊಡ್ತೀವಿ. ಅವಳು ಯಾರಿಗೂ ತೊಂದರೆ ಕೊಡಲ್ಲ. ಪಕ್ಕದವರನ್ನ ನೋಡಿ ಎಲ್ಲಾ ಮಾಡ್ತಾಳೆ, ಕೇಳಿದ್ರೆ ತಲೆಯಾಡಿಸ್ತಾಳೆ. ಮೂರು ವರ್ಷ ಯಾರಿಗೂ ಏನೂ ಗೊತ್ತಾಗಲ್ಲ. ನಂಗೆ ಭಯ ಇರೋದೇ ಅದು. ನಲವತ್ತು ಜನಕ್ಕೆ ನಾನೊಬ್ಬಳೇ."

ಮನೆಯ ದಾರಿಯಲ್ಲಿ ಅಮ್ಮ ಮಗಳ ಕೈಯನ್ನು ಎಷ್ಟು ಬಿಗಿಹಿಡಿದಿದ್ದಳೆಂದರೆ ಗುಂಡಿ ಎರಡು ಸಲ ಬೆರಳು ಬಿಡಿಸಿಕೊಳ್ಳಲು ನೋಡಿದಳು. ಬೀದಿಯ ತಿರುವಿನಲ್ಲಿ ಹಿಂದಿನಿಂದ ಒಂದು ಲಾರಿ ಹಾರ್ನ್ ಹಾಕಿತು. ಗುಂಡಿ ಪಕ್ಕಕ್ಕೆ ಸರಿದಳು. ಒಂದು ತಿಂಗಳಿಂದ ಅಮ್ಮ ಕಲಿಸಿದ್ದೇ ಅದು: ಹಾರ್ನ್ ಕೇಳಿಸಿದರೆ ಅಂಚಿಗೆ ಬಾ. ಕೇಳಿಸ್ತಾ ಎಂದರೆ ತಲೆಯಾಡಿಸುತ್ತಿದ್ದಳು. ಈಗ ಅಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ಲಾರಿಯ ಸದ್ದಿಗೆ ಆ ಕೈ ಮಗಳ ಕೈಯನ್ನು ಅವುಚಿತ್ತು.

ಮನೆಗೂ ಅಂಗಡಿಗೂ ನಡುವೆ ಒಂದು ಓಣಿ. ಅದನ್ನು ಗುಂಡಿ ಮೂರು ವಾರದಿಂದ ಒಬ್ಬಳೇ ದಾಟುತ್ತಿದ್ದಳು. "ದೊಡ್ಡವಳಾದ್ಲು" ಎಂದು ಅಮ್ಮ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಎಷ್ಟು ಸಲ, ಯಾವ ಕಿವಿಯ ಭರವಸೆಯ ಮೇಲೆ ಎಂದು ಈಗ ಲೆಕ್ಕ ಹಾಕಿದಳು. ಮಗಳನ್ನು ಎತ್ತಿಕೊಂಡೇ ಓಣಿ ದಾಟಿದಳು, ಗುಂಡಿ ಇಳಿಸು ಇಳಿಸು ಎಂದು ಕಾಲು ಬಡಿಯುತ್ತಿದ್ದರೂ.

ದರ್ಜಿ ಮೊಳೆಯಿಂದ ಲಂಗ ತೆಗೆದು ಸೊಂಟಕ್ಕೆ ಹಿಡಿದು, ದೊಡ್ಡ ಶಾಲೆಯ ಮುಖ್ಯೋಪಾಧ್ಯಾಯಿನಿಯ ದನಿಯಲ್ಲಿ, "ಏನಮ್ಮಾ, ಹೋಮ್‌ವರ್ಕ್ ಎಲ್ಲಿ" ಎಂದು ಶುರುಮಾಡಿದವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದ.

ಅವಳು ಹೇಳಿದಳು. ಅವನು ಗುಂಡಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಬ್ಬಳನ್ನೇ ಕೂರಿಸಿ, ರಟ್ಟು ಹಿಡಿದು ಆರೂ ಸದ್ದು ಮಾಡಿದ. ಮೂರೇ ಬಿದ್ದವು. ಮತ್ತೆ ಮಾಡಿದ. ಮತ್ತೆ ಮೂರು. ರಟ್ಟು ಕೆಳಗಿಟ್ಟು ಲಂಗವನ್ನು ಮತ್ತೆ ಮೊಳೆಗೆ ನೇತುಹಾಕಿದ. ಆಮೇಲೆ ಆ ದಿನ ಅವನು ಯಾರನ್ನೂ ಅಣಕಿಸಲಿಲ್ಲ.

"ಅವಳು ಸುಳ್ಳು ಹೇಳ್ತಿದ್ಳೇನ್ರೀ ಇಷ್ಟು ದಿನ?"

"ಸುಳ್ಳಲ್ಲ ಕಣೇ. ಗುಂಡಿ ಬಿದ್ರೆ ನಾವು ಖುಷಿಪಡ್ತಿದ್ವಿ. ಅವಳು ಖುಷಿಪಡಿಸ್ತಿದ್ಳು."

"ಶಾಲೇಲೂ ಹೀಗೇ ಮಾಡಿದ್ರೆ? ದೊಡ್ಡವಳಾದ ಮೇಲೂ? ರಸ್ತೇಲಿ..."

ಗುಂಡಿ ಇಬ್ಬರ ತುಟಿಗಳನ್ನೂ ಸರದಿಯಂತೆ ನೋಡುತ್ತಿದ್ದಳು. ಅಮ್ಮ ಅವಳ ಕಡೆ ತಿರುಗಿ, "ನಾವೇನು ಮಾತಾಡ್ತಿದೀವಿ ಗೊತ್ತಾಯ್ತಾ ಕಂದ?" ಎಂದಳು. ಗುಂಡಿ ನಗುತ್ತ ತಲೆಯಾಡಿಸಿದಳು.

ಶುಕ್ರವಾರ ಕಿವಿ ಡಾಕ್ಟರಮ್ಮ ಗುಂಡಿಯನ್ನು ಗಾಜಿನ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿ ಎರಡು ಗಂಟೆ ಪರೀಕ್ಷೆ ಮಾಡಿದರು. ಸಣ್ಣ ಸದ್ದುಗಳು ಎರಡೂ ಕಿವಿಯಲ್ಲಿ ಬಹಳ ಕಡಿಮೆ. ಯಾವಾಗಿನಿಂದ ಎಂದು ಹೇಳಲಾಗದು, ಏಕೆಂದರೆ ಹಿಂದಿನ ಸಲವೂ ಅಮ್ಮನ ಮಡಿಲೇ. "ಅದು ನಂದೂ ತಪ್ಪು" ಎಂದು ಅವರು ಒಪ್ಪಿಕೊಂಡರು. ಮಿಷನ್ನಿನ ಶಕ್ತಿ ಏರಿಸಿ ಕೊಟ್ಟರು. ಸಾಕಾಗುತ್ತದೆಯೇ ಎಂದರೆ, "ನೋಡ್ಬೇಕು" ಎಂದರು.

ಶನಿವಾರ ಬೆಳಿಗ್ಗೆ ಮೂವರೂ ಎರಡು ಬಸ್ಸು ಬದಲಿಸಿದರು. ಚಿಕ್ಕ ಶಾಲೆ ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಯಂತ್ರ ನಡೆದರೆ ಮೇಲೆ ನೆಲ ಸಣ್ಣಗೆ ಅದುರುತ್ತಿತ್ತು. ಸದ್ದೇ ಇಲ್ಲದ ಕೋಣೆಯನ್ನು, ಬೊಂಬೆಗಳಂತೆ ಕೂತ ಮಕ್ಕಳನ್ನು ನೆನೆದು ಅಮ್ಮ ಮೆಟ್ಟಿಲು ಹತ್ತುವಾಗಲೇ ಬೆವರಿದ್ದಳು. ಬಾಗಿಲು ತೆರೆದರೆ ಗಲಾಟೆಯೋ ಗಲಾಟೆ. ಬೆಂಚು ಎಳೆಯುವ, ಮೇಜು ಕುಟ್ಟುವ, ಗಂಟಲಿನಿಂದ ಮಾತು ಎತ್ತಿ ಎಸೆಯುವ ಹನ್ನೊಂದು ಮಕ್ಕಳು ಲಾಳದ ಆಕಾರದಲ್ಲಿ, ಎಲ್ಲರ ಮುಖ ಎಲ್ಲರಿಗೂ ಕಾಣುವಂತೆ ಕೂತಿದ್ದರು. ನಡುವೆ ನರೆಗೂದಲಿನ ಶಿಕ್ಷಕಿ, ಮಕ್ಕಳ ಬಾಯಲ್ಲಿ ದೊಡ್ಡಕ್ಕ. ಅವರ ಕಿವಿಯ ಹಿಂದೆಯೂ ಎರಡು ಮಿಷನ್.

ಅಮ್ಮನಿಗೆ ಲಾಳದ ತುದಿಯಲ್ಲಿ ಮಕ್ಕಳ ಕುರ್ಚಿಯೇ ಸಿಕ್ಕಿತು, ಮೊಣಕಾಲು ಗಲ್ಲಕ್ಕೆ ತಾಗುವಂಥದ್ದು. ದೊಡ್ಡಕ್ಕ ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಮಾತಾಡುತ್ತ ಗುಂಡಿಯನ್ನು ಎಲ್ಲರಿಗೂ ಪರಿಚಯಿಸಿದರು. ಆಮೇಲೆ ಹಾಜರಿ ಪುಸ್ತಕ ತೆರೆದು ಅದರ ಹಿಂದಿನಿಂದ, ಗಂಭೀರವಾಗಿ, ಅಮ್ಮನಿಗೆ ಏನನ್ನೋ ಕೇಳಿದರು.

ಗೊಣಗಿದಂತೆ ಇತ್ತು. ಗಲಾಟೆಯೋ, ಪುಸ್ತಕದ ಅಡ್ಡವೋ, ಅಮ್ಮನಿಗೆ ಒಂದಕ್ಷರವೂ ಹತ್ತಲಿಲ್ಲ. ದೊಡ್ಡಕ್ಕ ಹುಬ್ಬೇರಿಸಿ ಉತ್ತರಕ್ಕೆ ಕಾಯುತ್ತಿದ್ದರು. ಹನ್ನೊಂದು ಜೊತೆ ಕಣ್ಣುಗಳು ಇವಳ ಮೇಲೆಯೇ. ಕೇಳಿಸಲಿಲ್ಲ ಎನ್ನುವುದು ಹೇಗೆ, ಅದೂ ಈ ಕೋಣೆಯಲ್ಲಿ, ಎರಡು ಗಟ್ಟಿ ಕಿವಿ ಇಟ್ಟುಕೊಂಡು? ದಡ್ಡಿ ಎಂದುಕೊಂಡಾರು. ಸೀಟು ಕೊಡದೆ ಹೋದಾರು. ಅವಳು ನಗು ತಂದುಕೊಂಡು ತಲೆಯಾಡಿಸಿದಳು. "ಹೂಂ ಮೇಡಂ. ಖಂಡಿತ."

ಹನ್ನೊಂದು ಮಕ್ಕಳೂ ಒಮ್ಮೆಗೇ ಮೇಜು ಕುಟ್ಟಿ, ಮೂಗಿನ ಕೆಳಗೆ ಎರಡು ಬೆರಳಿಟ್ಟು ಮೀಸೆ ತಿರುವಿದರು. ಏಳು ವರ್ಷದ ಒಬ್ಬಳು ಡ್ರಾಯರಿನಿಂದ ಕಪ್ಪು ಕಾಗದದ ದಪ್ಪ ಮೀಸೆಯೊಂದನ್ನು ತಂದು, ಅಂಟುಪಟ್ಟಿ ಹಚ್ಚಿ, ಅಮ್ಮನ ಮೇಲ್ದುಟಿಗೆ ಒತ್ತಿ ಕೂರಿಸಿಯೇಬಿಟ್ಟಳು.

"ಯಾವುದಕ್ಕೆ ಖಂಡಿತ ಅಂದೆ ನೀನು?" ಎಂದ ಗಂಡ, ಪಕ್ಕಕ್ಕೆ ಬಾಗಿ.

"ಫೀಸಿನ ವಿಷಯ ಅಲ್ವಾ?"

"ನಾನೇನೂ ಹೇಳ್ಲೇ ಇಲ್ಲ" ಎಂದರು ದೊಡ್ಡಕ್ಕ. "ಸುಮ್ನೆ ಗುಮುಗುಮು ಅಂದೆ. ಇಲ್ಲಿ ಕಟ್ಟುನಿಟ್ಟು ಅಂದ್ರೆ ಅದೊಂದೇ. ಗೊತ್ತಾಗದೆ ತಲೆಯಾಡಿಸಿದ್ರೆ ಮೀಸೆ. ಮಕ್ಕಳಾದ್ರೂ ಸರಿ, ನಾನಾದ್ರೂ ಸರಿ. ಈ ವಾರ ನಂಗೇ ಎರಡು ಸಲ ಹಾಕಿದಾರೆ."

ದರ್ಜಿ ಆಗಲೇ ಹೊಟ್ಟೆ ಹಿಡಿದುಕೊಂಡಿದ್ದ. ಅಮ್ಮನಿಗೆ ನಗು ಬರಲಿಲ್ಲ. ಮುಖ ಬಿಸಿಯಾಯಿತು, ಕಿವಿಯವರೆಗೂ ಬಿಸಿಯಾಯಿತು. ಅರೆನಿಮಿಷದ ನಾಚಿಕೆಗೆ ಹೆದರಿ ಅವಳು ಹೂಂ ಎಂದಿದ್ದಳು. ಈ ನಾಚಿಕೆಯಲ್ಲಿ ತನ್ನ ಮಗಳು ಎದ್ದಲ್ಲಿಂದ ಮಲಗುವವರೆಗೆ ಇರುತ್ತಾಳೆ.

ದೊಡ್ಡಕ್ಕ ಈಗ ಗುಂಡಿಯ ಕಡೆ ತಿರುಗಿದರು. ಹಾಜರಿ ಪುಸ್ತಕ ಮತ್ತೆ ಬಾಯಿಗೆ ಅಡ್ಡ ಬಂತು. ಅದರ ಹಿಂದಿನಿಂದ ಏನೋ ಗೊಣಗು, ಮೇಲೇರಿದ ಹುಬ್ಬು.

ಗುಂಡಿ ಮುಗುಳ್ನಕ್ಕಳು. ಆ ನಗುವನ್ನು ಅಮ್ಮ ಈಗ ಚೆನ್ನಾಗಿ ಬಲ್ಲಳು. ಬೇಡ ಕಂದ, ಎಂದು ಕೂಗಬೇಕೆನಿಸಿತು. ಇಲ್ಲೂ ಹೀಗೇ ಆದರೆ ಇನ್ನೆಲ್ಲಿಗೆ ಕರೆದೊಯ್ಯುವುದು? ಗುಂಡಿಯ ಗಲ್ಲ ಕೆಳಗಿಳಿಯತೊಡಗಿತು. ಅರ್ಧ ಇಳಿದಿತ್ತು. ಎಂದಿನಂತೆ ಅಮ್ಮನ ಮುಖದಲ್ಲಿ ಉತ್ತರವಿದೆಯೇ ಎಂದು ಅವಳು ಹೊರಳಿ ನೋಡಿದಳು. ಉತ್ತರವಿರಲಿಲ್ಲ, ಮೀಸೆಯಿತ್ತು.

ಗುಂಡಿ ಆ ಮೀಸೆಯನ್ನು ನೋಡಿದಳು. ಸುತ್ತ ಕೂತ ಹನ್ನೊಂದು ಮಕ್ಕಳನ್ನು ನೋಡಿದಳು. ಯಾರೂ ತಲೆಯಾಡಿಸುತ್ತಿರಲಿಲ್ಲ, ನಕಲು ಮಾಡಲು ಏನೂ ಇರಲಿಲ್ಲ. ಅವಳು ಕುರ್ಚಿಯಿಂದ ಇಳಿದು, ದೊಡ್ಡಕ್ಕನ ಹತ್ತಿರ ಹೋಗಿ, ಹಾಜರಿ ಪುಸ್ತಕದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಎಳೆದಳು.

"ಗೊತ್ತಾಗ್ಲಿಲ್ಲ" ಎಂದಳು. "ಇನ್ನೊಂದು ತಲ ಹೇಳಿ."

'ಸ' ಅವಳ ಬಾಯಲ್ಲಿ 'ತ' ಆಗಿತ್ತು. ಆದರೆ 'ಗೊತ್ತಾಗ್ಲಿಲ್ಲ' ಎಂಬ ಮಾತು ಆ ಬಾಯಿಂದ ಬಂದದ್ದನ್ನು ಅಪ್ಪ ಅಮ್ಮ ಇದೇ ಮೊದಲು ಕೇಳಿದ್ದು. ದರ್ಜಿ ನಗು ನಿಲ್ಲಿಸಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ದೊಡ್ಡಕ್ಕ ಪುಸ್ತಕ ಮಡಚಿಟ್ಟು, ಗುಂಡಿಯ ಎತ್ತರಕ್ಕೆ ಬಗ್ಗಿ, ಬಿಡಿಸಿ ಬಿಡಿಸಿ ಬಾಯಲ್ಲೂ ಕೈಯಲ್ಲೂ ಕೇಳಿದರು: "ನಿಮ್ಮಮ್ಮಂಗೆ ಈ ಮೀಸೆ ಒಪ್ಪುತ್ತಾ?"

ಗುಂಡಿ ಅಮ್ಮನ ಕಡೆ ತಿರುಗಿದಳು. ಅಳತೆ ತೆಗೆಯುವ ಅಪ್ಪನ ಹಾಗೆ ಒಂದು ಕಣ್ಣು ಕಿರಿದು ಮಾಡಿ, ಕತ್ತು ವಾಲಿಸಿ, ಎಡದಿಂದ ನೋಡಿದಳು, ಬಲದಿಂದ ನೋಡಿದಳು.

"ಉದ್ದ ಆಯ್ತು" ಎಂದಳು. "ಕತ್ತರಿತಬೇಕು."

ಮಕ್ಕಳಿಗೆ ದೊಡ್ಡಕ್ಕ ಅದನ್ನು ಕೈಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮೇಜುಗಳೆಲ್ಲ ಕುಣಿಯತೊಡಗಿದವು. ಅಮ್ಮನ ಭಯ ಎಲ್ಲಿಗೂ ಹೋಗಿರಲಿಲ್ಲ. ಎರಡು ಬಸ್ಸು, ಆ ಓಣಿ, ಡಾಕ್ಟರಮ್ಮನ 'ನೋಡ್ಬೇಕು', ಎಲ್ಲ ಇದ್ದಲ್ಲೇ ಇದ್ದವು. "ಫಾರಂ ಕೊಡಿ ಮೇಡಂ" ಎನ್ನಲು ಬಾಯಿ ತೆರೆದಳು. ಮೀಸೆಯ ಒಂದು ತುದಿ ಕಿತ್ತು ಬಾಯೊಳಗೇ ಬಂತು, ಫಾರಂ ಎನ್ನುವುದು 'ಫ' ಎಂಬಲ್ಲಿಗೇ ನಿಂತು, ಅದರ ಹಿಂದೆಯೇ ಮೂರು ದಿನದಿಂದ ತಡೆದಿದ್ದದ್ದೆಲ್ಲ ನಗುವಾಗಿ ನುಗ್ಗಿತು. ಗಂಡ ನಗುತ್ತಿದ್ದ, ಗುಂಡಿ ನಗುತ್ತಿದ್ದಳು, ಹನ್ನೊಂದು ಮಕ್ಕಳು ನಗುತ್ತಿದ್ದರು. ಅವರೆಲ್ಲರ ನಗುವನ್ನೂ ಮೀರಿಸಿ, ಕೆಳಗಿನ ಮುದ್ರಣಾಲಯದವರು ಯಂತ್ರ ನಿಲ್ಲಿಸಿ ಏನಾಯಿತೆಂದು ಮೆಟ್ಟಿಲ ತನಕ ಬರುವಷ್ಟು ಜೋರಾಗಿ, ಮೀಸೆ ಹೊತ್ತವಳು ನಕ್ಕಳು.